ಎಡೆಮ್ ನಾಯಕನ ಅಂಗಳದಲ್ಲಿ ಮೇರಿ ಸ್ಲೆಸರಮ್ಮನವರು

ನಮ್ಮ ಕರ್ತನು ಎಪ್ಪತ್ತು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದಾಗ, ಅವರು ಕಟ್ಟಿಸಬೇಕಾದ ಬಂಗಲೆಯ ವಿಷಯವಾಗಿ ಏನೂ ಹೇಳಲಿಲ್ಲ. ಯಾರು ತಮ್ಮನ್ನು ಮನೆಗೆ ಸೇರಿಸಿಕೊಳ್ಳುವರೋ ಅವರಲ್ಲಿಯೇ ಇರಬೇಕೆಂದೂ, ಅಲ್ಲಿ ಬಡಿಸಿದ್ದನ್ನು ಉಣ್ಣಬೇಕೆಂದೂ, ಮನೆಯಿಂದ ಮನೆಗೆ ಅಲೆಯಬಾರದೆಂದೂ ಅವರಿಗೆ ಅಪ್ಪಣೆಕೊಟ್ಟನು. ಈ ಅಪ್ಪಣೆಯು ಓದುವುದಕ್ಕೆ ಸುಲಭ, ನಡೆಸುವುದಕ್ಕೆ ಕಷ್ಟ. ಪರರ ಮನೆಯಲ್ಲಿ ಒಂದು ರಾತ್ರಿ ಕಳೆಯುವುದು ಯಾರಿಂದಲಾದರೂ ಆದೀತು. ತಿಂಗಳುಗಟ್ಟಲೆ ಅವರ ಅಂಗಳದಲ್ಲಿ ವಾಸಿಸಿ, ಅವರ ಅನ್ನವನ್ನುಂಡು, ಅವರ ಗದ್ದಲವನ್ನು ತಾಳಿಕೊಂಡು, ಅವರ ಒಳ್ಳೆಯದಕ್ಕೆ ಸಂತೋಷಪಟ್ಟು, ಅವರ ಕೆಟ್ಟದ್ದಕ್ಕೆ ತಲೆಬಾಗದೆ ಇರುವುದೆಂದರೆ ಬೇರೆ ಮಾತು.

ಹಾಗೆ ಇದ್ದು ತೋರಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಮೇರಿ ಸ್ಲೆಸರಮ್ಮನವರ ಹೆಸರನ್ನು ನಮ್ಮಲ್ಲಿ ಅನೇಕರು ಆದಿತ್ಯವಾರದ ಶಾಲೆಯಲ್ಲಿ ಕೇಳಿರುವರು. ಅವಳಿಮಕ್ಕಳನ್ನು ಮರಣದಿಂದ ಬಿಡಿಸಿದ ತಾಯಿ ಎಂದು ಅವರನ್ನು ಬಲ್ಲೆವು. ಆದರೆ ಅವರು ಆಫ್ರಿಕ ಖಂಡದ ಒಂದು ಕಾಡುಗ್ರಾಮದಲ್ಲಿ, ಒಬ್ಬ ನಾಯಕನ ಮನೆಯೊಳಗೆ ಅತಿಥಿಯಾಗಿ ನೆಲೆಸಿದ ಬಗೆಯು ಅಷ್ಟಾಗಿ ಹೇಳಲ್ಪಡುವುದಿಲ್ಲ. ಅವರ ಮಿಕ್ಕ ಕೆಲಸಕ್ಕೆಲ್ಲಾ ಅಸ್ತಿವಾರವು ಬಿದ್ದದ್ದು ಆ ಮನೆಯಲ್ಲಿಯೇ ಎಂದು ನಾವು ಎಣಿಸುತ್ತೇವೆ.

ಮೇರಿಯವರು 1848ನೆಯ ಇಸವಿ ಡಿಸೆಂಬರ್ 2ರಂದು ಸ್ಕಾಟ್ಲೆಂಡ್ ದೇಶದ ಅಬರ್ಡೀನ್ ಪಟ್ಟಣದಲ್ಲಿ ಏಳು ಮಕ್ಕಳಲ್ಲಿ ಎರಡನೆಯವರಾಗಿ ಹುಟ್ಟಿದರು. ತಂದೆಯು ಪಾದರಕ್ಷೆ ಹೊಲಿಯುವ ಕಸುಬಿನವನು, ಕುಡಿತಕ್ಕೆ ವಶನಾದವನು. ತಾಯಿಯು ಮಗ್ಗದ ಕೆಲಸದವಳು, ದೇವಭಕ್ತಿಯುಳ್ಳವಳು. 1859ರಲ್ಲಿ ಕುಟುಂಬವು ಡಂಡಿ ಎಂಬ ಗಿರಣಿಗಳ ಪಟ್ಟಣಕ್ಕೆ ಬಂದಿತು. ಅಲ್ಲಿ ಹನ್ನೊಂದು ವರುಷದ ಹುಡುಗಿಯು ನಾರುಬಟ್ಟೆಯ ಗಿರಣಿಯನ್ನು ಸೇರಿ, ದಿನದ ಅರ್ಧ ಭಾಗ ಕೆಲಸ, ಉಳಿದರ್ಧ ಗಿರಣಿಯವರ ಶಾಲೆಯಲ್ಲಿ ಪಾಠ, ಹೀಗೆ ಬೆಳೆದಳು. ಹದಿನಾಲ್ಕನೆಯ ವರುಷದಿಂದ ಇಡೀ ದಿನ ಮಗ್ಗದ ಮುಂದೆ ನಿಂತು, ತನ್ನ ಸಂಬಳದಿಂದ ಮನೆಯನ್ನು ನಡೆಸಿದಳು. ಪುಸ್ತಕವನ್ನು ಮಗ್ಗದ ಮೇಲೆ ಬಿಚ್ಚಿಟ್ಟುಕೊಂಡು, ಕೆಲಸದ ನಡುವೆ ಓದುತ್ತಿದ್ದಳು. ಕುಡುಕನ ಮನೆಯಲ್ಲಿ ರಾತ್ರಿಗಳು ಹೇಗಿರುತ್ತವೆಂದು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಂದೆ ಎಡೆಮ್ ನಾಯಕನ ಅಂಗಳದಲ್ಲಿ ಸಾರಾಯಿಯ ಪೀಪಾಯಿ ಒಡೆದಾಗಲೆಲ್ಲಾ ಅವರು ಎದೆಗುಂದದೆ ನಿಂತದ್ದಕ್ಕೆ ಈ ಬಾಲ್ಯದ ಅಭ್ಯಾಸವೂ ಒಂದು ಕಾರಣವಾಗಿರಬೇಕು.

ಪಶ್ಚಿಮ ಆಫ್ರಿಕದಲ್ಲಿ, ಈಗ ನೈಜೀರಿಯ ಎನ್ನಿಸಿಕೊಳ್ಳುವ ದೇಶದ ಆಗ್ನೇಯ ಮೂಲೆಯಲ್ಲಿ, ಕಲಬಾರ್ ಎಂಬ ರೇವುಪಟ್ಟಣವುಂಟು. ಆ ರೇವಿನಿಂದ ಯುರೋಪಿನ ಹಡಗುಗಳು ಬಹು ಕಾಲ ಮನುಷ್ಯರನ್ನು ದಾಸರನ್ನಾಗಿ ಸಾಗಿಸಿದವು. ಆ ಪಾಪದ ವ್ಯಾಪಾರವು ನಿಂತ ಮೇಲೆ ತಾಳೆಣ್ಣೆಯನ್ನು ಕೊಂಡುಕೊಂಡು, ಬದಲಿಗೆ ಸಾರಾಯಿಯನ್ನೂ ಬಂದೂಕುಗಳನ್ನೂ ಇಳಿಸುತ್ತಿದ್ದವು. 1846ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಸಭೆಯವರು, ಜಮೈಕ ದ್ವೀಪದ ವಿಶ್ವಾಸಿಗಳ ಸಹಾಯದಿಂದ, ಅಲ್ಲಿ ಮಿಶನ್ ಕೆಲಸವನ್ನು ಆರಂಭಿಸಿದ್ದರು. ಮೇರಿಯವರ ತಾಯಿಯು ಆ ಮಿಶನಿನ ವರ್ತಮಾನ ಪತ್ರಿಕೆಯನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದಳು. 1874ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ದೊರೆಗಳ ಮರಣವಾರ್ತೆಯು ಬ್ರಿಟನ್ನಿಗೆ ಮುಟ್ಟಿದಾಗ ಅನೇಕ ಯೌವನಸ್ಥರ ಮನಸ್ಸು ಆಫ್ರಿಕದ ಕಡೆಗೆ ತಿರುಗಿತು. ಅವರಲ್ಲಿ ಈ ಗಿರಣಿಯ ಹೆಣ್ಣೂ ಒಬ್ಬಳು. 1876ರ ಆಗಸ್ಟ್ 5ರಂದು, ಇಪ್ಪತ್ತೇಳು ವರುಷ ಪ್ರಾಯದಲ್ಲಿ, ಅವರು ಹಡಗು ಹತ್ತಿದರು.

ಮೊದಲ ವರುಷಗಳಲ್ಲಿ ಅವರ ವಾಸವು ಕಲಬಾರಿನ ಡ್ಯೂಕ್ ಟೌನ್ ಎಂಬಲ್ಲಿ, ಮಿಶನರಿಗಳ ಮನೆಯಲ್ಲಿ ನಡೆಯಿತು. ಅಲ್ಲಿ ಎಲ್ಲವೂ ಸ್ಕಾಟ್ಲೆಂಡಿನ ಕ್ರಮದಂತೆ ಇತ್ತು. ಮೇರಿಯವರು ಎಫಿಕ್ ಭಾಷೆಯನ್ನು ಬೇಗನೆ ಕಲಿತರು. ಪುಸ್ತಕದಿಂದ ಕಲಿತದ್ದಕ್ಕಿಂತ ಸಂತೆಯಿಂದಲೂ ಅಂಗಳಗಳಿಂದಲೂ ಕಲಿತದ್ದು ಹೆಚ್ಚು. ಚಳಿಜ್ವರವು ಮತ್ತೆ ಮತ್ತೆ ಬಂದು ದೇಹವನ್ನು ಬಾಧಿಸಿದ್ದರಿಂದ 1879ರಲ್ಲಿ ತಾಯ್ನಾಡಿಗೆ ಹೋಗಿ, ಮರುವರುಷ ಹಿಂತಿರುಗಿದರು. ಆಗ ಓಲ್ಡ್ ಟೌನ್ ಎಂಬ ಊರಿನ ಕೆಲಸವು ಅವರ ಕೈಗೆ ಬಂದಿತು. ಅಲ್ಲಿ ಅವರು ಮಣ್ಣಿನ ಗೋಡೆಯ ಮನೆಯಲ್ಲಿ ಒಬ್ಬರೇ ಇದ್ದು, ಆ ಊರಿನ ಜನರು ತಿನ್ನುವ ಗೆಣಸನ್ನೂ ಬಾಳೆಯನ್ನೂ ತಿಂದು ಜೀವಿಸಿದರು. ಸಂಬಳದಲ್ಲಿ ಉಳಿದದ್ದನ್ನು ತಾಯಿಗೂ ತಂಗಿಯರಿಗೂ ಕಳುಹಿಸುವುದು ಇದರ ಮೊದಲ ಉದ್ದೇಶವಾಗಿತ್ತು. ಆದರೆ ಜನರೊಡನೆ ಒಂದೇ ಬಗೆಯ ಊಟ ಉಂಡವರಿಗೆ ಆ ಜನರ ಬಾಗಿಲುಗಳು ಬೇಗ ತೆರೆಯುತ್ತವೆಂದು ಅವರು ಅಲ್ಲಿ ಕಂಡುಕೊಂಡರು.

ಆ ಸೀಮೆಯ ನಂಬಿಕೆಗಳಲ್ಲಿ ಮೂರು ಸಂಗತಿಗಳು ಅವರ ಹೃದಯವನ್ನು ಕೊರೆದವು. ಅವಳಿಮಕ್ಕಳು ಹುಟ್ಟಿದರೆ, ಅವರಲ್ಲಿ ಒಂದು ದುರಾತ್ಮದ ಸಂತಾನವೆಂದೂ, ಅದು ಯಾವುದೆಂದು ತಿಳಿಯಲಾಗದೆಂದೂ ಭಯಪಟ್ಟು, ಎರಡನ್ನೂ ಮಡಕೆಗಳಲ್ಲಿ ತುರುಕಿ ಕಾಡಿಗೆ ಎಸೆಯುತ್ತಿದ್ದರು. ಹೆತ್ತವಳನ್ನು ಊರಿನಿಂದ ಓಡಿಸುತ್ತಿದ್ದರು. ನಾಯಕನೊಬ್ಬನು ಸತ್ತರೆ, ಪರಲೋಕದಲ್ಲಿ ಅವನಿಗೆ ಪರಿವಾರವಿರಬೇಕೆಂದು ಅವನ ಹೆಂಡತಿಯರಲ್ಲಿಯೂ ದಾಸರಲ್ಲಿಯೂ ಅನೇಕರನ್ನು ಕೊಲ್ಲುತ್ತಿದ್ದರು. ಯಾವ ಮರಣವಾದರೂ ಮಾಟದಿಂದಲೇ ಆಯಿತೆಂದು ತಿಳಿದು, ಸಂಶಯಕ್ಕೆ ಒಳಗಾದವರಿಗೆ ಎಸೆರೆ ಎಂಬ ವಿಷದ ಕಾಳನ್ನು ಅರೆದು ಕುಡಿಸುತ್ತಿದ್ದರು. ಕಕ್ಕಿದವನು ನಿರಪರಾಧಿ, ಸತ್ತವನು ಅಪರಾಧಿ. ಇದನ್ನು ಓದಿ ನಾವು ಆ ಜನರನ್ನು ಹಳಿಯುವುದು ಬೇಡ. ನಮ್ಮ ದೇಶದಲ್ಲಿಯೂ ವಿಧವೆಯರನ್ನು ಗಂಡನ ಚಿತೆಯಲ್ಲಿ ಸುಟ್ಟ ಕಾಲವಿತ್ತು; 1829ರಲ್ಲಿ ಬಂಗಾಳ ಪ್ರಾಂತ್ಯದಲ್ಲಿ ಅದನ್ನು ಕಾನೂನಿನಿಂದ ನಿಲ್ಲಿಸಬೇಕಾಯಿತು. ಭಯವು ಯಾವ ನಾಡಿನ ಮನುಷ್ಯರನ್ನಾದರೂ ಕ್ರೂರರನ್ನಾಗಿ ಮಾಡಬಲ್ಲದು.

1886ರಷ್ಟರಲ್ಲಿ ಮೇರಿಯವರ ತಾಯಿಯೂ ಕೊನೆಯ ತಂಗಿಯೂ ತೀರಿಹೋದರು. ಸ್ಕಾಟ್ಲೆಂಡಿನಲ್ಲಿ ಅವರ ದಾರಿ ನೋಡುವ ಮನೆಯು ಇಲ್ಲದೆ ಹೋಯಿತು. ಈ ದುಃಖವೇ ಅವರನ್ನು ಇನ್ನೂ ಒಳಗಿನ ಪ್ರದೇಶಕ್ಕೆ ಹೋಗಲು ಬಿಡುಗಡೆಮಾಡಿತು. ನದಿಯ ಮೇಲ್ಗಡೆ ಒಕೊಯೊಂಗ್ ಎಂಬ ಸೀಮೆಯಿತ್ತು. ಅಲ್ಲಿಯ ಜನರು ಶೂರರು, ಹೊರಗಿನವರನ್ನು ನಂಬದವರು, ಕರಾವಳಿಯ ಜನರೊಡನೆ ಹಗೆಯುಳ್ಳವರು. 1888ರ ಜೂನ್ ತಿಂಗಳಲ್ಲಿ ಮೇರಿಯವರು ಕ್ರೀಕ್ ಟೌನಿನ ಎಯೊ ರಾಜನು ಕೊಟ್ಟ ದೋಣಿಯಲ್ಲಿ ಕುಳಿತು, ಎಕೆಂಗೆ ಎಂಬ ಗ್ರಾಮಕ್ಕೆ ಹೋದರು. ಅಲ್ಲಿಯ ನಾಯಕನಾದ ಎಡೆಮನನ್ನು ಕಂಡು, ತಾನು ಬಂದು ಅವರ ನಡುವೆ ಇರಬಹುದೋ ಎಂದು ಕೇಳಿದರು. ಸರಕಾರದ ಬಲವನ್ನಾಗಲಿ ಸಿಪಾಯಿಗಳನ್ನಾಗಲಿ ಹಿಂದಿಟ್ಟುಕೊಂಡು ಕೇಳಲಿಲ್ಲ. ಮನೆಯ ಯಜಮಾನನನ್ನು ಬಂಧುವೊಬ್ಬಳು ಕೇಳುವ ಹಾಗೆ ಕೇಳಿದರು. ಒಂದೇ ಒಂದು ಷರತ್ತನ್ನು ಮಾತ್ರ ಮುಂದಿಟ್ಟರು: ತನ್ನ ಸ್ಥಳಕ್ಕೆ ಓಡಿಬಂದ ಅಪರಾಧಿಗಳಿಗೆ, ವಿಚಾರಣೆಯು ಮುಗಿಯುವ ತನಕ, ಅಲ್ಲಿ ಆಶ್ರಯವಿರಬೇಕು. ಎಡೆಮನು ಒಪ್ಪಿದನು. ಅರ್ಧ ಗಂಟೆಯ ನಡಿಗೆಯಷ್ಟು ದೂರವಿದ್ದ ಇಫಾಕೊ ಗ್ರಾಮದವರೂ ಒಪ್ಪಿ ಸ್ಥಳ ಕೊಟ್ಟರು.

ಆಗಸ್ಟ್ ತಿಂಗಳಲ್ಲಿ, ಮಳೆಗಾಲದ ಒಂದು ಶನಿವಾರ, ಮೇರಿಯವರು ತಮ್ಮ ಐದು ಮಂದಿ ಸಾಕುಮಕ್ಕಳನ್ನು ಕರೆದುಕೊಂಡು ಹೊರಟರು. ಅವರಲ್ಲಿ ಜೇನಿ ಎಂಬ ಹುಡುಗಿಯು ಅವಳಿಯಾಗಿ ಹುಟ್ಟಿ ಬದುಕಿ ಉಳಿದವಳು. ನದಿಯ ದಡದಿಂದ ಎಕೆಂಗೆಗೆ ನಾಲ್ಕು ಮೈಲಿ ಕಾಡುದಾರಿ. ಕತ್ತಲಾಗುತ್ತಿತ್ತು, ಮಳೆಯು ಸುರಿಯುತ್ತಿತ್ತು, ಹಸಿದ ಮಕ್ಕಳು ಅಳುತ್ತಿದ್ದರು. ಕಿರಿಯ ಮಗುವನ್ನು ಎತ್ತಿಕೊಂಡು ಅವರು ಗ್ರಾಮವನ್ನು ಸೇರಿದರೆ, ಊರು ಬಹುಮಟ್ಟಿಗೆ ಬರಿದಾಗಿತ್ತು. ಇಫಾಕೊದ ನಾಯಕನ ತಾಯಿ ಸತ್ತಿದ್ದಳು. ಜನರೆಲ್ಲರೂ ಆ ಮರಣದ ಕಾರ್ಯಕ್ಕೆ ಹೋಗಿದ್ದರು. ಸ್ವಾಗತಿಸುವವರಿಲ್ಲ, ದೀಪವಿಲ್ಲ. ಸಾಮಾನು ಹೊರುವವರು ದೋಣಿಯಲ್ಲಿಯೇ ಮಲಗಿಬಿಟ್ಟರೆಂದು ತಿಳಿದು, ಮೇರಿಯವರು ಮಕ್ಕಳನ್ನು ಮಲಗಿಸಿ, ಅದೇ ಕತ್ತಲೆಯಲ್ಲಿ ಬರಿಗಾಲಿನಲ್ಲಿ ಮತ್ತೆ ನದಿಗೆ ನಡೆದು, ಅವರನ್ನು ಎಬ್ಬಿಸಿ ಕರೆತಂದರು. ಅತಿಥಿಯಾಗಿ ಅವರ ಮೊದಲ ರಾತ್ರಿ ಇಂಥದ್ದು.

ಎಡೆಮನು ಅವರಿಗೆ ತನ್ನ ಹೆಂಡತಿಯರ ಅಂಗಳದಲ್ಲಿ ಒಂದು ಕೋಣೆಯನ್ನು ಕೊಟ್ಟನು. ಶೂನೇಮಿನ ಸ್ತ್ರೀಯು ಎಲೀಷನಿಗೆ ಮಂಚ, ಮೇಜು, ದೀಪಗಳನ್ನು ಅಣಿಮಾಡಿಟ್ಟಂಥ ಕೋಣೆಯಲ್ಲ ಅದು. ಮಣ್ಣಿನ ಗೋಡೆ, ಮಣ್ಣಿನ ನೆಲ. ಅಂಗಳದ ತುಂಬಾ ಆಡುಗಳೂ ಕೋಳಿಗಳೂ. ಕೋಣೆಯೊಳಗೆ ಇಲಿಗಳೂ ಜಿರಳೆಗಳೂ. ಮೇರಿಯವರು ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿದರು. ಬೆಳಕಿಗೆ ಕಿಟಕಿಯನ್ನು ಕೂಡಿಸಿ, ಬಾಗಿಲಿಗೆ ಮರೆಯನ್ನು ಕಟ್ಟಿದರು. ಮಕ್ಕಳೊಂದಿಗೆ ಅಲ್ಲಿಯೇ ಮಲಗಿ ಎದ್ದರು. ಸುತ್ತಲೂ ನಾಯಕನ ಹೆಂಡತಿಯರು, ದಾಸಿಯರು, ಬಂದುಹೋಗುವ ನೆಂಟರು. ಹಗಲಿನಲ್ಲಿ ಬಿಳಿಯ ಹೆಂಗಸು ಉಣ್ಣುವುದನ್ನೂ ತಲೆ ಬಾಚುವುದನ್ನೂ ಪ್ರಾರ್ಥಿಸುವುದನ್ನೂ ನೋಡಲು ಬಾಗಿಲಲ್ಲಿ ಗುಂಪು. ರಾತ್ರಿಯಲ್ಲಿ ಜಗಳ, ಕುಣಿತ, ಕುಡಿತ. ಒಂದು ಗಳಿಗೆಯ ಏಕಾಂತವೂ ಇರಲಿಲ್ಲ. ದೇಹದ ಕಷ್ಟಕ್ಕಿಂತ ಇದೇ ಅವರಿಗೆ ಹೆಚ್ಚು ಕಠಿಣವಾಗಿ ತೋರಿತು. ಪರರ ಮನೆಯಲ್ಲಿ ಇದ್ದವರಿಗೆ ಇದು ಅರ್ಥವಾಗುವುದು.

ಹೀಗಿರಲಾಗಿ ಅವರು ಏನು ಮಾಡಿದರು? ಮೊದಲು ಆ ಮನೆಯ ದಿನಚರಿಯನ್ನು ತಮ್ಮದಾಗಿ ಮಾಡಿಕೊಂಡರು. ಟೋಪಿಯನ್ನೂ ಬೂಟುಗಳನ್ನೂ ಬಿಟ್ಟರು. ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡರು. ಅಲ್ಲಿಯ ನೀರನ್ನು ಕುಡಿದು, ಅಲ್ಲಿಯ ಊಟವನ್ನು ಉಂಡರು. ಇದರಿಂದ ಜ್ವರವು ಅವರನ್ನು ಎಂದಿಗೂ ಬಿಡಲಿಲ್ಲ. ಇದನ್ನು ಎಲ್ಲರೂ ಅನುಸರಿಸಬೇಕೆಂದು ನಾವು ಹೇಳುವುದಿಲ್ಲ. ಹುಣ್ಣುಗಳನ್ನು ತೊಳೆದು ಕಟ್ಟಿದರು, ಜ್ವರಕ್ಕೆ ಔಷಧಕೊಟ್ಟರು. ಹೆಂಗಸರಿಗೆ ಸೂಜಿಯ ಕೆಲಸವನ್ನು ಕಲಿಸಿದರು. ಮನೆಯ ಮುಂದೆ ಹಿರಿಯರನ್ನೂ ಕಿರಿಯರನ್ನೂ ಕೂರಿಸಿಕೊಂಡು ಅಕ್ಷರಗಳನ್ನು ಕಲಿಸಿದರು, ಕ್ರಿಸ್ತನ ಚರಿತ್ರೆಯನ್ನು ಹೇಳಿದರು. ಜನರು ಅವರನ್ನು ಮಾ ಎಂದು ಕರೆದರು. ನಮ್ಮಲ್ಲಿ ಅಮ್ಮ ಎಂಬ ಮಾತಿನಂತೆಯೇ ಅದು ತಾಯಿಗೂ, ಗೌರವಕ್ಕೆ ಯೋಗ್ಯಳಾದ ಸ್ತ್ರೀಗೂ ಸಲ್ಲುವ ಹೆಸರು.

ಆ ಮನೆಯಲ್ಲಿ ದೇವರು ಅವರಿಗೆ ಒಬ್ಬ ಗೆಳತಿಯನ್ನು ಸಿದ್ಧಮಾಡಿಟ್ಟಿದ್ದನು. ಆಕೆ ಎಡೆಮನ ಸಹೋದರಿ, ಮಾ ಎಮೆ ಎಂಬ ವಿಧವೆ. ದೊಡ್ಡ ಶರೀರದವಳು, ಮೃದು ಹೃದಯದವಳು. ಆಕೆಯ ಗಂಡನು ಸತ್ತಾಗ, ಮಾಟ ಮಾಡಿದವಳು ಯಾರೆಂದು ಕಂಡುಹಿಡಿಯುವುದಕ್ಕೆ ಅವನ ಹೆಂಡತಿಯರೆಲ್ಲರನ್ನೂ ಪರೀಕ್ಷೆಗೆ ಒಡ್ಡಿದ್ದರು. ಒಬ್ಬೊಬ್ಬಳ ಹೆಸರಿನಲ್ಲಿ ಒಂದೊಂದು ಕೋಳಿಯ ತಲೆಯನ್ನು ಕತ್ತರಿಸಿ, ಅದು ಒದ್ದಾಡುವ ರೀತಿಯಿಂದ ತೀರ್ಪು ಹೇಳುವ ಪದ್ಧತಿ. ಮಾ ಎಮೆಯು ನಿರಪರಾಧಿ ಎಂದು ತೀರ್ಪಾದಾಗ ಆಕೆ ಮೂರ್ಛೆಹೋಗಿ ಬಿದ್ದಳಂತೆ. ಆ ಭಯವನ್ನು ಅನುಭವಿಸಿದವಳಾದ್ದರಿಂದಲೇ ಮತ್ತೊಬ್ಬರ ಪ್ರಾಣವು ತೂಗಾಡುವಾಗ ಆಕೆ ಸುಮ್ಮನಿರಲಾರಳು. ಎಲ್ಲಿಯಾದರೂ ಹೊಡೆದಾಟವೋ ವಿಷಪರೀಕ್ಷೆಯೋ ನಡೆಯಲಿದೆಯೆಂದು ಕಿವಿಗೆ ಬಿದ್ದರೆ, ಆಕೆ ಒಂದು ಸೀಸೆಯನ್ನು ಔಷಧ ತುಂಬಿಸಿಕೊಂಡು ಬರುವ ನೆವದಿಂದ ಮೇರಿಯವರ ಬಳಿಗೆ ಕಳುಹಿಸುವಳು. ಆ ಸೀಸೆಯು ಇಬ್ಬರ ನಡುವಣ ಗುಟ್ಟಿನ ಗುರುತು. ಅದನ್ನು ಕಂಡೊಡನೆ ಮೇರಿಯವರು ರಾತ್ರಿಯೋ ಮಳೆಯೋ ಎಂದು ನೋಡದೆ ಹೊರಡುವರು. ಈ ಸ್ನೇಹದಿಂದ ಎಷ್ಟೋ ಪ್ರಾಣಗಳು ಉಳಿದವು.

ಅವರು ಬಂದು ಹೆಚ್ಚು ದಿನಗಳಾಗಿರಲಿಲ್ಲ. ಎಂಟು ಗಂಟೆಯ ನಡಿಗೆಯಷ್ಟು ದೂರದ ಒಂದು ಗ್ರಾಮದಲ್ಲಿ ನಾಯಕನು ಮರಣಾವಸ್ಥೆಯಲ್ಲಿದ್ದಾನೆಂದು ಸುದ್ದಿ ಬಂದಿತು. ಅವನು ಸತ್ತರೆ ಅನೇಕರ ಹತ್ಯೆಯಾಗುವುದು ನಿಶ್ಚಯ. ಮೇರಿಯವರು ಹೋಗುವೆನೆಂದರು. ಎಡೆಮನು ಬೇಡವೆಂದನು. ಅದು ಅವನ ಕೋಪವಲ್ಲ, ಭಯ: ರೋಗಿಯು ಸತ್ತರೆ ಅತಿಥಿಯ ತಲೆಯ ಮೇಲೆ ಅಪವಾದ ಬಂದೀತು, ಅತಿಥಿಯನ್ನು ಕಾಯಬೇಕಾದ ಭಾರವು ತನ್ನದು. ಮೇರಿಯವರು ಅವನನ್ನು ತಿರಸ್ಕರಿಸಿ ಹೊರಡಲಿಲ್ಲ. ಮಾ ಎಮೆಯ ನೆರವಿನಿಂದ ಅವನನ್ನು ಒಪ್ಪಿಸಿ, ಅವನ ಅನುಮತಿಯನ್ನು ಪಡೆದೇ ಹೋದರು. ಸುರಿಮಳೆಯಲ್ಲಿ ಇಡೀ ದಿನ ನಡೆದು, ಜ್ವರದಿಂದ ನಡುಗುತ್ತಾ ಆ ಗ್ರಾಮವನ್ನು ಸೇರಿ, ರೋಗಿಯನ್ನು ಆರೈಕೆಮಾಡಿದರು. ದೇವರ ಕೃಪೆಯಿಂದ ಅವನು ಗುಣಹೊಂದಿದನು. ಒಬ್ಬರ ಪ್ರಾಣವೂ ಹೋಗಲಿಲ್ಲ.

ಕೆಲವು ತಿಂಗಳುಗಳಾದ ಮೇಲೆ ಎಕೆಂಗೆಯಲ್ಲಿ ಅವರದೇ ಆದ ಒಂದು ಮಣ್ಣಿನ ಮನೆಯು ಎದ್ದಿತು. ಅದನ್ನು ಕಟ್ಟಿದವರು ಆ ಊರಿನ ಹೆಂಗಸರೂ ಮಕ್ಕಳೂ, ಅವರೊಡನೆ ಮೇರಿಯವರೂ. ಒಲೆಯನ್ನು ಕೆಂಪು ಮಣ್ಣಿನಿಂದ ಮಾಡಿದರು. ಪಾತ್ರೆಗಳನ್ನಿಡುವ ಕಟ್ಟೆಯನ್ನೂ ಕುಳಿತುಕೊಳ್ಳುವ ಜಗಲಿಯನ್ನೂ ಮಣ್ಣಿನಿಂದಲೇ ಮೆತ್ತಿ ನಯಮಾಡಿದರು. ಇಫಾಕೊದ ಜನರು ಆರಾಧನೆಗೂ ಶಾಲೆಗೂ ಒಂದು ಕಟ್ಟಡವನ್ನು ತಾವೇ ಎಬ್ಬಿಸಿದರು. ಕೈಗಳು ಕೆಲಸದಲ್ಲಿದ್ದಾಗ ಕುಡಿತವೂ ಜಗಳವೂ ಕಡಿಮೆಯಾಗುವುದನ್ನು ಕಂಡು, ಮೇರಿಯವರು ಒಕೊಯೊಂಗಿನ ನಾಯಕರನ್ನು ವ್ಯಾಪಾರಕ್ಕೆ ಪ್ರೇರಿಸಿದರು. ಗೆಣಸು, ಬಾಳೆಗಳನ್ನು ದೋಣಿಗೆ ತುಂಬಿ, ಹಗೆಗಳೆಂದು ಎಣಿಸಿದ್ದ ಕ್ರೀಕ್ ಟೌನಿನವರ ಬಳಿಗೆ ಅವರನ್ನು ಕರೆದುಕೊಂಡು ಹೋದರು. ಆಯುಧಗಳನ್ನು ದಡದಲ್ಲಿ ಬಿಟ್ಟು ಬರಬೇಕೆಂದು ಹಟಹಿಡಿದರು. ಎಯೊ ರಾಜನು ಅವರನ್ನು ಮರ್ಯಾದೆಯಿಂದ ಬರಮಾಡಿಕೊಂಡನು. ಹಗೆಯ ಊರಿನಲ್ಲಿ ತಾವೂ ಅತಿಥಿಗಳಾಗಬಹುದೆಂದು ಆ ನಾಯಕರು ಅಂದು ಕಲಿತರು.

ಆದರೆ ಅತಿಥಿಯ ನಿಜವಾದ ಪರೀಕ್ಷೆಯು 1889ರಲ್ಲಿ, ತಮ್ಮನ್ನು ಸೇರಿಸಿಕೊಂಡ ಮನೆಯಲ್ಲಿಯೇ ಬಂದಿತು. ಎಡೆಮನ ಹಿರಿಯ ಮಗನಾದ ಎಟಿಮನು ಮದುವೆಗೆ ಮುಂಚೆ ಮನೆ ಕಟ್ಟಿಕೊಳ್ಳುತ್ತಿದ್ದನು. ಮರದ ದಿಮ್ಮಿಯೊಂದು ಬಿದ್ದು ಅವನ ದೇಹವು ನಿಶ್ಶಕ್ತವಾಯಿತು. ಮೇರಿಯವರು ಸುಮಾರು ಎರಡು ವಾರಗಳ ತನಕ ಹಗಲಿರುಳೂ ಅವನ ಬಳಿಯಲ್ಲಿದ್ದು ಸೇವೆಮಾಡಿದರೂ ಅವನು ಸತ್ತನು. ದುಃಖದಿಂದ ಕೆರಳಿದ ತಂದೆಯು ನೆರೆಯ ಗ್ರಾಮದವರು ಮಾಟ ಮಾಡಿದರೆಂದು ಹೇಳಿ, ಅಲ್ಲಿಂದ ಸುಮಾರು ಹನ್ನೆರಡು ಮಂದಿಯನ್ನು ಹಿಡಿತರಿಸಿ ಅಂಗಳದಲ್ಲಿ ಸಂಕೋಲೆ ಹಾಕಿಸಿದನು. ಅವರಲ್ಲಿ ಹಸುಗೂಸುಗಳ ತಾಯಂದಿರೂ ಇದ್ದರು. ಎಸೆರೆಯ ಕಾಳುಗಳು ಅರೆಯಲ್ಪಟ್ಟವು.

ಇಲ್ಲಿ ಮೇರಿಯವರ ಬುದ್ಧಿಯನ್ನು ಗಮನಿಸಿರಿ. ಅವರು ಮೊದಲು ತಂದೆಯ ದುಃಖಕ್ಕೆ ಮರ್ಯಾದೆ ತೋರಿಸಿದರು. ತಮ್ಮಲ್ಲಿದ್ದ ಒಳ್ಳೆಯ ಬಟ್ಟೆಗಳನ್ನು ತಂದು, ಸತ್ತ ಯುವಕನಿಗೆ ರೇಷ್ಮೆಯನ್ನು ಸುತ್ತಿ, ರುಮಾಲು ಕಟ್ಟಿ, ರಾಜಕುಮಾರನಂತೆ ಅಲಂಕರಿಸಿ ಕೂರಿಸಿದರು. ಮಗನಿಗೆ ಇಂಥ ಗೌರವ ಸಂದಿತೆಂದು ತಂದೆಯ ಮನಸ್ಸು ಸ್ವಲ್ಪ ತಂಪಾಯಿತು. ಅದಾದ ಮೇಲೆ ಅವರು ಸೆರೆಯವರ ಬಳಿಯಲ್ಲಿ ಕುಳಿತು, ಅಲ್ಲಿಂದ ಏಳಲಿಲ್ಲ. ಆಗ ಬಾಗಿಲು ಕಿಟಕಿಗಳನ್ನು ಮಾಡಲು ಬಂದಿದ್ದ ಚಾರ್ಲ್ಸ್ ಓವೆನ್ಸ್ ಎಂಬ ಬಡಗಿಯೊಡನೆ ಸರದಿಯ ಮೇಲೆ ಕಾವಲಿದ್ದರು. ಕ್ರೀಕ್ ಟೌನಿನಿಂದ ಮಿಶನರಿಗಳು ಬಂದು, ಸತ್ತವನ ಗೌರವಾರ್ಥವಾಗಿ ದೀಪದ ಚಿತ್ರಗಳನ್ನು ತೋರಿಸಿದರು. ದಿನಗಳು ಕಳೆದವು. ಅತಿಥಿಯು ಬೇಡಿದರು, ವಾದಿಸಿದರು, ಬೆದರಿಕೆಗೆ ಬಗ್ಗಲಿಲ್ಲ. ಮಾ ಎಮೆಯೂ ಗುಟ್ಟಾಗಿ ಅವರ ಪಕ್ಷದಲ್ಲಿದ್ದಳು. ಒಬ್ಬೊಬ್ಬರಾಗಿ ಸೆರೆಯವರ ಸಂಕೋಲೆ ಬಿಚ್ಚಲ್ಪಟ್ಟಿತು. ಕಡೆಗೆ ಎಟಿಮನ ಸಮಾಧಿಗೆ ಒಂದು ಹಸುವಿನ ಹೊರತು ಯಾವ ಬಲಿಯೂ ಹೋಗಲಿಲ್ಲ. ಒಕೊಯೊಂಗಿನ ನಾಯಕನ ಮನೆಯಲ್ಲಿ ನರಬಲಿಯಿಲ್ಲದೆ ಶವಸಂಸ್ಕಾರವಾದದ್ದನ್ನು ಕಂಡು ಸೀಮೆಯೆಲ್ಲಾ ಬೆರಗಾಯಿತು.

ಎಡೆಮನು ಅವರನ್ನು ಹೊರಗೆ ಹಾಕಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಈಕೆ ತನ್ನ ಮಗನ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟವರೆಂದು ಅವನು ಬಲ್ಲವನಾಗಿದ್ದನು. ಹೊರಗಿನವರು ಬಂದು ಇದನ್ನೇ ತಡೆದಿದ್ದರೆ ಯುದ್ಧವಾಗುತ್ತಿತ್ತು. ಮನೆಯೊಳಗಿನವರಾಗಿ ತಡೆದದ್ದರಿಂದ ಅದು ನೋವುಂಟುಮಾಡಿದರೂ ಹಗೆಯಾಗಲಿಲ್ಲ. ವರುಷವೆಲ್ಲಾ ಒಂದೇ ಅಂಗಳದ ಹೊಗೆಯನ್ನು ಕುಡಿದವರಿಗೆ ಮಾತ್ರ ಅಂಥ ಗಳಿಗೆಯಲ್ಲಿ ಮಾತಾಡುವ ಅಧಿಕಾರವು ದೊರೆಯುವುದು.

1892ರಲ್ಲಿ ಬ್ರಿಟಿಷ್ ಸರಕಾರವು ಒಕೊಯೊಂಗಿನ ನ್ಯಾಯವಿಚಾರಣೆಗಾಗಿ ಅವರನ್ನು ಉಪರಾಯಭಾರಿಯನ್ನಾಗಿ ನೇಮಿಸಿತು. ಪರದೇಶದವರ ಆಳಿಕೆಯು ಆ ನಾಡಿನ ಮೇಲೆ ಹರಡುತ್ತಿದ್ದ ಕಾಲವದು. ಆ ಆಳಿಕೆಯು ತಂದ ಅನ್ಯಾಯಗಳನ್ನು ಈಗ ಚರಿತ್ರೆಯು ಬಲ್ಲದು. ಸಿಪಾಯಿಗಳೂ ಪರಭಾಷೆಯ ಅಧಿಕಾರಿಗಳೂ ಬರುವುದಕ್ಕಿಂತ, ಜನರ ಮಾತು ಬಲ್ಲ ತಾನು ಮಧ್ಯದಲ್ಲಿ ನಿಂತರೆ ಒಳ್ಳೆಯದೆಂದು ಮೇರಿಯವರು ಅದನ್ನು ಒಪ್ಪಿಕೊಂಡರು. ಅವರು ನ್ಯಾಯಾಸನಕ್ಕೆ ಉಡುಪು ಧರಿಸಿ ಬರುತ್ತಿರಲಿಲ್ಲ. ಹೆಣಿಗೆಯ ಕೆಲಸವನ್ನು ಕೈಯಲ್ಲಿ ಹಿಡಿದು, ಇಡೀ ದಿನ ಎರಡು ಪಕ್ಷದವರ ಮಾತನ್ನೂ ಕೇಳುವರು. ಭೂಮಿಯ ವ್ಯಾಜ್ಯ, ಸಾಲದ ವ್ಯಾಜ್ಯ, ಗಂಡ ಹೆಂಡಿರ ಜಗಳ, ಎಲ್ಲವೂ ಅವರ ಮುಂದೆ ಬರುತ್ತಿದ್ದವು.

ನೆಲದ ಸಾರವು ಕುಂದಿದ್ದರಿಂದ ಜನರು ಎಕೆಂಗೆಯನ್ನು ಬಿಟ್ಟು ಬೇರೆ ಸ್ಥಳಗಳಿಗೆ ಹೋಗತೊಡಗಿದರು. 1896ರಲ್ಲಿ ಮೇರಿಯವರೂ ಅಕ್ಪಾಪ್ ಎಂಬಲ್ಲಿಗೆ ಹೋದರು. ಆ ಬಳಿಕ ಸಿಡುಬಿನ ಮಾರಿಯು ಸೀಮೆಗೆ ನುಗ್ಗಿತು. ಮೇರಿಯವರು ಅಕ್ಪಾಪಿನಲ್ಲಿ ನೂರಾರು ಜನರಿಗೆ ಲಸಿಕೆ ಹಾಕಿ, ಎಕೆಂಗೆಯ ತಮ್ಮ ಹಳೆಯ ಮನೆಯನ್ನು ಆಸ್ಪತ್ರೆಯನ್ನಾಗಿ ಮಾಡಿದರು. ಅಲ್ಲಿ ಎಡೆಮನೂ ಸಿಡುಬಿನಿಂದ ಮಲಗಿದನು. ಭಯದಿಂದ ಎಲ್ಲರೂ ಓಡಿಹೋಗಿದ್ದರು. ಒಂದು ಕಾಲದಲ್ಲಿ ಹೆಂಡತಿಯರಿಂದಲೂ ದಾಸರಿಂದಲೂ ತುಂಬಿದ್ದ ಅಂಗಳದ ಯಜಮಾನನಿಗೆ ನೀರು ಕೊಡುವವರಿಲ್ಲ. ಅವನ ಅತಿಥಿಯಾಗಿದ್ದವರು ಒಬ್ಬರೇ ಅವನ ಬಳಿಯಲ್ಲಿದ್ದು ಕೊನೆಯ ತನಕ ಸೇವೆಮಾಡಿದರು. ರಾತ್ರಿಯಲ್ಲಿ ಅವನ ಪ್ರಾಣವು ಹೋಯಿತು. ಹೊರುವವರೂ ಅಗೆಯುವವರೂ ಇಲ್ಲದಿದ್ದುದರಿಂದ ಅವರು ತಾವೇ ಹಲಗೆಗಳನ್ನು ಕೂಡಿಸಿ ಪೆಟ್ಟಿಗೆಯನ್ನು ಮಾಡಿ, ತಾವೇ ಗುಂಡಿಯನ್ನು ತೋಡಿ, ಅವನನ್ನು ಮಣ್ಣುಮಾಡಿ, ಬಳಲಿದ ಕಾಲುಗಳಿಂದ ಅಕ್ಪಾಪಿಗೆ ನಡೆದರು. ಒಂದು ಕೋಣೆಯನ್ನು ಕೊಟ್ಟವನ ಋಣವನ್ನು ಇದಕ್ಕಿಂತ ಹೆಚ್ಚಾಗಿ ಯಾರು ತೀರಿಸಿಯಾರು?

ಫಲವೆಷ್ಟು ಎಂದು ವಾಚಕರು ಕೇಳಬಹುದು. ಒಕೊಯೊಂಗಿನಲ್ಲಿ ಕರ್ತನ ಭೋಜನಕ್ಕೆ ಮೊದಲನೆಯ ಸಾರಿ ಸಭೆಯು ಕೂಡಿದ್ದು 1903ರಲ್ಲಿ. ಅಂದರೆ ಆ ಮಳೆಯ ರಾತ್ರಿಯಿಂದ ಹದಿನೈದು ವರುಷಗಳ ಮೇಲೆ. ಆ ದಿನ ಸಭೆಗೆ ಸೇರಿದವರು ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ಅಷ್ಟು ಪ್ರಾಣಗಳನ್ನು ಉಳಿಸಿದ ಮಾ ಎಮೆಯು ದೀಕ್ಷಾಸ್ನಾನವನ್ನು ಹೊಂದಲೇ ಇಲ್ಲ. ಇದು ಮೇರಿಯವರಿಗೆ ಬಹಳ ನೋವಾಗಿತ್ತು. ಆದರೂ ಆಕೆಯ ಸ್ನೇಹವನ್ನು ಅವರು ಬಿಡಲಿಲ್ಲ. ಸ್ನೇಹವನ್ನು ಬೆಲೆಯಾಗಿ ಇಟ್ಟು ಆಕೆಯನ್ನು ಕೊಳ್ಳಲು ನೋಡಲಿಲ್ಲ. ನಮ್ಮಲ್ಲಿಯೂ ಎಷ್ಟೋ ಮಂದಿಗೆ ಸಭೆಯ ಹೊರಗಿರುವ ಅಣ್ಣತಮ್ಮಂದಿರೂ ಅತ್ತೆಮಾವಂದಿರೂ ಇದ್ದಾರೆ. ಅವರ ಒಳ್ಳೆಯತನವನ್ನು ಒಪ್ಪಿಕೊಂಡು, ಮಿಕ್ಕದ್ದನ್ನು ದೇವರಿಗೆ ಬಿಡುವ ತಾಳ್ಮೆಯನ್ನು ನಾವು ಇಲ್ಲಿ ಕಲಿಯಬೇಕು.

1898ರಲ್ಲಿ ಅವರು ನಾಲ್ಕು ಮಂದಿ ಸಾಕು ಹೆಣ್ಣುಮಕ್ಕಳನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋದರು. ಈಗ ಆ ಹುಡುಗಿಯರು ಪರದೇಶದ ಅತಿಥಿಗಳಾಗಿದ್ದರು. ಚಳಿಯನ್ನೂ ಹೊಸ ಊಟವನ್ನೂ ಜನರ ನೋಟವನ್ನೂ ತಾಳಿಕೊಳ್ಳುವ ಸರದಿಯು ಅವರದಾಯಿತು. ಹಿಂತಿರುಗಿದ ತರುವಾಯ ಮೇರಿಯವರು ಇಟು ಮುಂತಾದ ಇನ್ನೂ ಹೊಸ ಸ್ಥಳಗಳಿಗೆ ಹೋಗಿ ಶಾಲೆಗಳನ್ನೂ ಸಭೆಗಳನ್ನೂ ಆರಂಭಿಸಿದರು. ಕಡೆಗೆ ನಡೆಯಲಾರದೆ ಹೋದಾಗ ಚಕ್ರದ ಗಾಡಿಯಲ್ಲಿ ಕುಳಿತು, ಹುಡುಗರಿಂದ ತಳ್ಳಿಸಿಕೊಂಡು ಊರೂರಿಗೆ ಹೋಗುತ್ತಿದ್ದರು. 1915ರ ಜನವರಿ 13ರಂದು ಊಸೆ ಎಂಬ ಗ್ರಾಮದ ಮಣ್ಣಿನ ಮನೆಯಲ್ಲಿ, ತಾವು ಸಾಕಿದ ಹೆಣ್ಣುಮಕ್ಕಳ ನಡುವೆ ನಿದ್ದೆಹೋದರು. ಕಲಬಾರಿನಲ್ಲಿ ಅವರ ಸಮಾಧಿಯಿದೆ. 1997ರಲ್ಲಿ ಸ್ಕಾಟ್ಲೆಂಡಿನ ಒಂದು ಬ್ಯಾಂಕು ಹತ್ತು ಪೌಂಡಿನ ನೋಟಿನ ಮೇಲೆ ಅವರ ಮುಖವನ್ನು ಮುದ್ರಿಸಿತು. ಕೂಲಿಗಾಗಿ ಗಿರಣಿಯಲ್ಲಿ ನಿಂತ ಹುಡುಗಿಗೆ ಲೋಕವು ಕೊಟ್ಟ ಮರ್ಯಾದೆ ಅದು.

ಪ್ರಿಯರೇ, ನಮ್ಮ ಸಭೆಗಳ ಮಕ್ಕಳು ದಾದಿಯರಾಗಿ, ಉಪಾಧ್ಯಾಯರಾಗಿ, ಉಪದೇಶಿಗಳಾಗಿ ದೂರದ ಊರುಗಳಿಗೂ ಪರದೇಶಗಳಿಗೂ ಹೋಗುತ್ತಾರೆ; ಪರರ ಮನೆಯ ಒಂದು ಕೋಣೆಯಲ್ಲಿ ದಿನಗಳನ್ನು ಕಳೆಯುತ್ತಾರೆ. ಮೊದಲ ತಿಂಗಳುಗಳು ಕಹಿಯಾಗಿರುತ್ತವೆ. ಭಾಷೆ ಬರುವುದಿಲ್ಲ, ಊಟ ಒಗ್ಗುವುದಿಲ್ಲ, ಮನೆಯವರ ರೀತಿ ತಿಳಿಯುವುದಿಲ್ಲ. ಅಂಥವರಿಗೆ ಈ ಚರಿತ್ರೆಯಿಂದ ಮೂರು ಮಾತುಗಳನ್ನು ಹೇಳಬಯಸುತ್ತೇವೆ. ಬಡಿಸಿದ್ದನ್ನು ಸಂತೋಷದಿಂದ ಉಣ್ಣಿರಿ, ಮನೆಯವರ ಕೆಲಸಕ್ಕೆ ಕೈಕೊಡಿರಿ, ಅವರ ಮಾತನ್ನು ಕಲಿಯಿರಿ. ಆ ಮನೆಯಲ್ಲಿ ನಿಮಗೊಬ್ಬ ಮಾ ಎಮೆ ಇದ್ದೇ ಇರುವಳು, ಆಕೆಯನ್ನು ಗುರುತಿಸಿರಿ. ಅನ್ಯಾಯವನ್ನು ಕಂಡಾಗ ಸುಮ್ಮನಿರಬೇಡಿರಿ. ಆದರೆ ಮಾತಾಡುವುದಕ್ಕೆ ಮುಂಚೆ ಅವರ ದುಃಖದಲ್ಲಿ ಪಾಲುಗೊಂಡಿರಿ. ಹೀಗೆ ಇದ್ದವರನ್ನು ಯಾವ ಅಂಗಳವೂ ಬಹು ಕಾಲ ಪರಕೀಯರೆಂದು ಎಣಿಸದು.

ಪರಲೋಕದ ಮಹಿಮೆಯನ್ನು ಬಿಟ್ಟು ಬಡಗಿಯ ಮನೆಯಲ್ಲಿ ಮೂವತ್ತು ವರುಷ ವಾಸಿಸಿದ ನಮ್ಮ ಕರ್ತನು, ಪರರ ಬಾಗಿಲಲ್ಲಿ ನಿಂತಿರುವ ನಮ್ಮ ಮಕ್ಕಳೊಂದಿಗೂ, ಬಾಗಿಲನ್ನು ತೆರೆದು ಅವರನ್ನು ಒಳಗೆ ಕರೆಯುವವರೊಂದಿಗೂ ಇರಲಿ.